ಕಮ್ಯುನಿಟಿ ಈ ತಿಂಗಳ ಯಾರ ಮನ್ಯಾಗ?

ನಮ್ಮಕ್ಕನ ಮಗ ಹುಬ್ಬಳ್ಳಿ ವಿದ್ಯಾನಗರದಾಗ ಮನ್ಯಾಗ ಕುಂತು ಯಾವ್ದೋ ಓಪನ್ ಸೋರ್ಸ್ ಕಂಪನಿಗೆ, ಅಂದ್ರ ಸಾಫ್ಟ್‌ವೇರಿನ ಕೋಡ್ ಎಲ್ಲಾರಿಗೂ ತೆರದಿಟ್ಟ ಕಂಪನಿಗೆ, ಕೆಲಸ ಮಾಡ್ತಾನ್ರಿ, ಕಮ್ಯುನಿಟಿ ಮ್ಯಾನೇಜರ್, ಅಂದ್ರ ಪುಗಸಟ್ಟೆ ಕೋಡ್ ಬರದು ಕೊಡೋ ಹೊರಗಿನ ಮಂದೀನ ನೋಡ್ಕೊಳ್ಳಾಂವ. ಮೊನ್ನೆ ಗಿರ್ಮಿಟ್ ತಿನ್ಕೋತ "ಮಾಮಾ, ನಮ್ ಟೀಮ್ ಮತ್ತ ಶಿಫ್ಟ್ ಆತು" ಅಂದ. ಮೊದ್ಲ ಎಂಜಿನಿಯರಿಂಗ್ ಒಳಗ ಇತ್ತಂತ, ಆಮ್ಯಾಲ ಪ್ರಾಡಕ್ಟ್, ಈಗ ಮಾರ್ಕೆಟಿಂಗ್. ಭಾಳ ಚಲೋ ಆತು ಅಂದೆ, ಮುಂದಿನ ವರ್ಷ ಕ್ಯಾಂಟೀನಿಗೆ ಹಾಕಿದ್ರ ಊಟದ ಚಿಂತಿನೂ ಇಲ್ಲ.

ನಮ್ಮ ಓಣ್ಯಾಗ ಒಬ್ಬ ಮುದುಕ ಅದಾನ್ರಿ, ಮೂರು ಮಂದಿ ಮಕ್ಕಳು, ನಾಕ್ ನಾಕ್ ತಿಂಗಳ ಪಾಳಿ. ದೊಡ್ಡಾವ ದನ ಕಾಯಾಕ ಹಚ್ಚತಾನ, ನಡುವಿನಾವ "ಏನ್ ಬೇಕಪಾ" ಅಂತ ಕೇಳಿ ಉತ್ತರ ಕೇಳದಂಗ ಹೋಗ್ತಾನ, ಸಣ್ಣಾವ ಬೀಗರು ಬಂದಾಗ ಬಾಜೂಕ ಕುಂದ್ರಿಸ್ಕೊಂಡು ಫೋಟೋ ಹೊಡಸ್ತಾನ. ಹೊಲದ ಕಾಗದಕ್ಕ ಹೆಬ್ಬೆಟ್ಟು ಬೇಕಾದ ದಿನ ಮಾತ್ರ ಮೂರೂ ಮಂದಿ ಚಾ ಕಪ್ ಹಿಡ್ಕೊಂಡು ಹಾಜರ್! ಆ ಮುದುಕನ ಪಾಡೇ ಈ ಕಮ್ಯುನಿಟೀದು. ಇವ್ರದ್ರಾಗೂ ಆ ಹೆಬ್ಬೆಟ್ಟು ಐತಿ, ಸಿಎಲ್‌ಎ ಅಂತಾರ, ಕೋಡ್ ಕೊಡಾವ್ರ ಕರಾರು, ಪುಗಸಟ್ಟೆ ಕೋಡ್ ಕೊಡಾಕೂ ಮೊದ್ಲ ಸಹಿ ಹಾಕಬೇಕು, ಮುಂದ ಲೈಸೆನ್ಸ್, ಅಂದ್ರ ಕೋಡ್ ಬಳಸೋ ಷರತ್ತು, ಬದಲಿ ಮಾಡುವಾಗ ನಿಮ್ಮನ್ನ ಕೇಳೂದಿಲ್ಲ. 2023ರ ಆಗಸ್ಟ್‌ನ್ಯಾಗ ಹ್ಯಾಶಿಕಾರ್ಪ್ ಕಂಪನಿಯವ್ರು ಟೆರಾಫಾರ್ಮ್ ಅನ್ನೋ ತಮ್ಮ ಸಾಫ್ಟ್‌ವೇರಿನ ಓಪನ್ ಸೋರ್ಸ್ ಲೈಸೆನ್ಸ್ ತಗದು ಬಿಗಿ ಲೈಸೆನ್ಸ್ ಹಾಕಿದ್ರು, ಮುದುಕ ಗಂಟು ಕಟ್ಕೊಂಡು ಓಪನ್‌ಟೋಫು ಅಂತ ಬ್ಯಾರೆ ಮನಿ ಮಾಡಿದ. 2024ರಾಗ ರೆಡಿಸ್ ಅನ್ನೋ ಡೇಟಾಬೇಸಿನವ್ರೂ ಲೈಸೆನ್ಸ್ ತಿರುವಿದ್ರು, ಮಂದಿ ಅದ ಕೋಡ್ ತಗೊಂಡು ವಾಲ್ಕೀ ಅಂತ ಬ್ಯಾರೆ ಸಾಫ್ಟ್‌ವೇರ್ ಕಟ್ಕೊಂಡು ಹೊಂಟ್ರು, ವರ್ಷದ ಮ್ಯಾಲ ರೆಡಿಸ್‌ನವ್ರು ಎಜಿಪಿಎಲ್ ಅನ್ನೋ ಓಪನ್ ಸೋರ್ಸ್ ಲೈಸೆನ್ಸ್ ಹಿಡ್ಕೊಂಡು "ಬಾರಪಾ ಮನಿಗೆ" ಅಂತ ಬಾಗಿಲಿಗೆ ಬಂದ್ರು.

ಮಂದಿ ಕೂಡಿ ಕಟ್ಟೂದು ನಮ್ಮ ಕಡಿಗೆ ಹೊಸಾದಲ್ರಿ. ಗದಗ ಬಾಜೂಕ ಕಣಗಿನಹಾಳದಾಗ 1905ರಾಗ ಸಿದ್ದನಗೌಡ ಪಾಟೀಲರು ಸಹಕಾರಿ ಸಂಘ ಕಟ್ಟಿದಾಗ, ಗೌಡ್ರ ಇದು ಮಾರ್ಕೆಟಿಂಗಿಗೆ ಬರ್ತೈತೋ ಪ್ರಾಡಕ್ಟಿಗೋ ಅಂತ ಕೇಳಾಕ ಒಬ್ಬ ಕನ್ಸಲ್ಟಂಟೂ ಸಿಕ್ಕಿರಲಿಕ್ಕಿಲ್ಲ ಪಾಪ.

ಹುಡುಗ ಇನ್ನೊಂದ್ ಹೇಳಿದ. ಗದಗಿನ ಒಬ್ಬ ಕಾಲೇಜ್ ಹುಡುಗ ರಾತ್ರಿ ಕುಂತು ಸಾಫ್ಟ್‌ವೇರಿನ ಒಂದು ಬಗ್, ಅಂದ್ರ ತಪ್ಪು, ಸರಿಮಾಡಿ ಪ್ಯಾಚ್, ಅಂದ್ರ ತಿದ್ದಿದ ಕೋಡ್, ಕಳಿಸಿದ್ನಂತ. ಎಂಟು ತಿಂಗಳಾತು, ಒಬ್ರೂ ತೆಗದು ನೋಡಿಲ್ಲ. ಟಿ-ಶರ್ಟ್ ಮಾತ್ರ ಬಂದೈತಿ, ಎದಿ ಮ್ಯಾಲ 'ನೀವೇ ನಮ್ಮ ಕುಟುಂಬ' ಅಂತ ಬರದೈತಿ. ಸಿಟ್ಟು ಬರ್ತೈತ್ರಿ. ಆ ಟೀಮ್ ಯಾವ ಫ್ಲೋರಿಗೆ ಇದ್ರೇನು, ಕೋಡ್ ಒಳಗ ಸೇರಿಸೋ ಮರ್ಜ್ ಬಟನ್ ಒತ್ತೋರ ಕಿವಿಗೆ ಇಂಥಾ ಹುಡುಗ್ರ ಮಾತು ಮುಟ್ಟಬೇಕಲ್ಲ? ಅವ್ರಿಗೆ ಟೈಮಿಲ್ಲಂತ, ಟಿ-ಶರ್ಟ್ ಪ್ಯಾಕ್ ಮಾಡಾಕ ಟೈಮ್ ಐತಿ.

ಅಷ್ಟರಾಗ ಹೊಸ ಬಾಸಿನ ಫೋನ್ ಬಂತು, ನಿಮ್ಮೂರಾಗ ನಮ್ಮ ಕಮ್ಯುನಿಟಿ ಎಷ್ಟು ಮಂದಿ ಐತಿ, ಇವತ್ತ ಸಂಜಿಕ ನಂಬರ್ ಬೇಕು ಅಂತ. ಹುಡುಗ ಗಿರ್ಮಿಟ್ ಅಂಗಡಿ ಮುಂದ ನಿಂತಾವ್ರನ್ನ ಒಂದ್ಸಲ ನೋಡಿದ, ನನ್ನನ್ನೂ ಹಿಡ್ದು ಎಣಿಸಿ, ಹದಿನಾಕು ಸರ್ ಅಂದ.