ಮದುಮಗಳಿಗೆ ಎಕ್ಸ್‌ಟ್ರಾ ಲೈಟ್

ನಿನ್ನೆ ಉಡುಪಿಯಲ್ಲಿ ಅಕ್ಕನ ಮಗಳ ಮದುವೆ ಮುಗಿಯಿತು. ಮಟ್ಟುಗುಳ್ಳದ ಹುಳಿ ಚೆನ್ನಾಗಿತ್ತು, ಹೋಳಿಗೆ ಚೆನ್ನಾಗಿತ್ತು, ಗಂಡಿನ ಕಡೆಯವರೂ ಪಾಪದವರು. ಆದರೂ ರಾತ್ರಿಯಿಡೀ ನನಗೆ ನಿದ್ದೆ ಇಲ್ಲ ಮಾರಾಯ್ರೆ. ಕಾರಣ ಎಲ್‌ಇಡಿ ಪ್ಯಾನೆಲ್.

ಒಂದು ಸಾಲದು ಅಂತ ಮೂರು. ಮಂಟಪದ ಎದುರಿಗೆ, ಮದುಮಗಳ ಮುಖದಿಂದ ಆರೇಳು ಅಡಿ ದೂರದಲ್ಲಿ, ಸಾಲಾಗಿ ನಿಂತ ಮೂರು ಬಿಳಿ ಹಲಗೆಗಳು. ಮೇ ತಿಂಗಳ ಸೆಕೆಗೆ ಇವುಗಳದ್ದೂ ಒಂದು ಕಾಣಿಕೆ. ಧಾರೆ ಎರೆಯುವ ಹೊತ್ತಿಗೆ ಪುರೋಹಿತರು ಕಣ್ಣು ಕಿರಿದು ಮಾಡಿಕೊಂಡೇ ಮಂತ್ರ ಹೇಳುತ್ತಿದ್ದರು. ಹುಡುಗಿಯ ಕಣ್ಣಲ್ಲಿ ನೀರು. ತವರು ಬಿಡುವ ದುಃಖಕ್ಕೋ, ಈ ಬೆಳಕಿನ ಹೊಡೆತಕ್ಕೋ, ಯಾರಿಗೆ ಗೊತ್ತು. ನಾನು ಮೆಲ್ಲನೆ, ತುಂಬ ಮೆಲ್ಲನೆ (ಅಕ್ಕ ಬೆಳಿಗ್ಗೆಯೇ ಹೇಳಿದ್ದಳು, "ನೀನು ಅಲ್ಲಿ ಹೋಗಿ ಬಾಯಿ ಹಾಕಬೇಡ") ಆ ಫೋಟೋಗ್ರಾಫರ್ ಹುಡುಗನ ಹತ್ತಿರ ಹೋಗಿ, "ಇದರಲ್ಲಿ ಒಂದನ್ನು ಆಚೆ ಬದಿಗೆ ಸರಿಸಿ ಉಳಿದೆರಡು ಆಫ್ ಮಾಡಬಹುದಾ?" ಅಂತ ಕೇಳಿದೆ.

"ಆಗ್ಲಿಕ್ಕಿಲ್ಲ ಅಂಕಲ್. ಹುಡುಗಿ ಸ್ವಲ್ಪ ಡಾರ್ಕ್ ಅಲ್ವಾ, ಅದಕ್ಕೇ ಎಕ್ಸ್‌ಟ್ರಾ ಲೈಟ್ ಹಾಕಿದ್ದು. ಬಾಕಿದ್ದು ಎಡಿಟಲ್ಲಿ ಸರಿ ಮಾಡ್ತೇವೆ."

ಸರಿ ಮಾಡ್ತಾರಂತೆ. ಎಂತದ್ದು ಸರಿ ಮಾಡುವುದು? ಅವಳಲ್ಲಿ ಹಾಳಾದದ್ದು ಎಂತ ಉಂಟು?

ನಾನು ಏನೂ ಹೇಳಲಿಲ್ಲ. ಹೋಗಿ ಕೊನೆಯ ಸಾಲಿನ ಕುರ್ಚಿಯಲ್ಲಿ ಕೂತು ಬೊಂಡದ ನೀರು ಕುಡಿದೆ. ಸ್ಟುಡಿಯೋ ಬಾಗಿಲು ಹಾಕಿ ಏಳು ವರ್ಷವಾದವನ ಮಾತನ್ನು ಈಗಷ್ಟೇ ಹೊಸ ಕ್ಯಾಮೆರಾ ತೆಗೆದುಕೊಂಡವನು ಯಾಕೆ ಕೇಳಬೇಕು, ಹೇಳಿ. ಮುಖಕ್ಕೆ ಬೆಳಕು ಹಾಕುವುದನ್ನೇ ಇಪ್ಪತ್ತೆಂಟು ವರ್ಷ ಮಾಡಿದವನು ನಾನು ಅಂತ ನಿಮಗೆ ಗೊತ್ತುಂಟು, ಅವನಿಗೆ ಗೊತ್ತಿಲ್ಲ. ಹಾಗಾಗಿ ನಿಮ್ಮ ತಲೆ ತಿನ್ನುತ್ತೇನೆ.

ಮುಖ ಅಂದರೆ ಚಪ್ಪಟೆ ಕಾಗದವಾ? ಹಣೆ ಮುಂದೆ, ಕಣ್ಣು ಒಳಗೆ, ಮೂಗು ಹೊರಗೆ, ಕೆನ್ನೆಗೊಂದು ಏರು, ಗದ್ದಕ್ಕೊಂದು ಇಳಿಜಾರು. ಇದೆಲ್ಲ ನಮ್ಮ ಕಣ್ಣಿಗೆ ತಿಳಿಯುವುದು ನೆರಳಿನಿಂದ. ಬೆಳಕನ್ನು ಕ್ಯಾಮೆರಾ ಇದ್ದ ಕಡೆಯಿಂದಲೇ ಹೊಡೆದರೆ ನೆರಳು ಮುಖದ ಹಿಂದಕ್ಕೆ ಹೋಗಿ ಬೀಳುತ್ತದೆ, ಮುಖ ನೀರುದೋಸೆಯಾಗುತ್ತದೆ. ಅದೇ ಬೆಳಕನ್ನು ಒಂದು ಬದಿಗೆ ಸುಮಾರು 45 ಡಿಗ್ರಿ ಸರಿಸಿ, ತಲೆಗಿಂತ ಸ್ವಲ್ಪ ಮೇಲಕ್ಕೆ ಎತ್ತಿ ನೋಡಿ. ಇನ್ನಷ್ಟು ಬದಿಗೆ ಸರಿಸಿದರೆ ಮೂಗಿನ ನೆರಳು ಕೆನ್ನೆಯ ನೆರಳಿಗೆ ಹೋಗಿ ಸೇರುತ್ತದೆ, ಆಚೆ ಕಣ್ಣಿನ ಕೆಳಗೆ ಬೆಳಕಿನ ಸಣ್ಣ ತ್ರಿಕೋನ ಉಳಿಯುತ್ತದೆ. ಇದಕ್ಕೆ ರೆಂಬ್ರಾಂಟ್ ಲೈಟಿಂಗ್ ಅಂತ ಹೆಸರು. ಹದಿನೇಳನೇ ಶತಮಾನದ ಡಚ್ ಚಿತ್ರಕಾರನದ್ದು. ಅಷ್ಟು ದೂರ ಹೋಗುವುದು ಬೇಡ, ಮಂಗಳೂರಿನ ಅಲೋಶಿಯಸ್ ಕಾಲೇಜಿನ ಚಾಪೆಲ್‌ಗೆ ಒಮ್ಮೆ ಹೋಗಿ ಬನ್ನಿ. ಇಟಲಿಯಿಂದ ಬಂದ ಆಂಟೋನಿಯೊ ಮೊಸ್ಕೇನಿ ಎಂಬ ಪುಣ್ಯಾತ್ಮ 1899ರ ಹೊತ್ತಿಗೆ ಬರೆದ ಚಿತ್ರಗಳು ಗೋಡೆ, ಮಾಡು ಎಲ್ಲ ಕಡೆ ಉಂಟು. ಚಪ್ಪಟೆ ಗೋಡೆಯ ಮೇಲೆ ಮನುಷ್ಯರು ದುಂಡಗೆ ಎದ್ದು ನಿಂತಿದ್ದಾರೆ. ಎಲ್ಲಿಂದ ಬಂತು ಆ ದುಂಡಗೆ? ನೆರಳಿನಿಂದ. ಅವನು ಚಪ್ಪಟೆಯನ್ನು ದುಂಡಗೆ ಮಾಡಿದ. ನಮ್ಮ ಹುಡುಗರು ಒಂದೂವರೆ ಲಕ್ಷದ ಲೆನ್ಸು ಹಾಕಿ ದುಂಡಗಿದ್ದದ್ದನ್ನು ಚಪ್ಪಟೆ ಮಾಡುತ್ತಿದ್ದಾರೆ.

ಇನ್ನು "ಡಾರ್ಕ್" ವಿಷಯ.

ಕಪ್ಪು ಚರ್ಮಕ್ಕೆ ಬೇಕಾದದ್ದು ಹೆಚ್ಚು ಬೆಳಕು ಅಲ್ಲವೇ ಅಲ್ಲ, ದೊಡ್ಡ ಬೆಳಕು. ವ್ಯತ್ಯಾಸ ಉಂಟು. ಬಿಳಿ ಚರ್ಮದ ಮುಖದಲ್ಲಿ ಕಣ್ಣಿಗೆ ಕಾಣುವುದು ಮುಖ್ಯವಾಗಿ ನೆರಳಿನ ಏರಿಳಿತ. ಕಪ್ಪು ಚರ್ಮದಲ್ಲಿ ಅದರ ಜೊತೆಗೆ ಹೊಳಪೂ ಉಂಟು. ಕೆನ್ನೆಯ ಏರಿನಲ್ಲಿ, ಹಣೆಯ ಬದಿಯಲ್ಲಿ, ಮೂಗಿನ ಬೆನ್ನಲ್ಲಿ ದೀಪದ ಪ್ರತಿಬಿಂಬ ಕೂತುಕೊಳ್ಳುತ್ತದೆ, ಎಣ್ಣೆ ಸವರಿದ ಹಲಸಿನ ಮರದ ಬಾಗಿಲಿನ ಮೇಲೆ ಕೂತ ಹಾಗೆ. ದೀಪ ಸಣ್ಣದಾದರೆ ಆ ಪ್ರತಿಬಿಂಬ ಬೆವರಿನ ಚುಕ್ಕಿಯ ಹಾಗೆ ಚುಚ್ಚುತ್ತದೆ. ಮೂರು ನಾಲ್ಕು ಅಡಿಯ ಸಾಫ್ಟ್‌ಬಾಕ್ಸನ್ನು (ಎದುರಿಗೆ ಬಿಳಿ ಬಟ್ಟೆ ಇರುವ ದೀಪದ ಪೆಟ್ಟಿಗೆ) ಬದಿಯಿಂದ, ಹತ್ತಿರ ತಂದು ಇಟ್ಟರೆ ಅದೇ ಹೊಳಪು ಅಗಲವಾಗಿ ಹರಡಿ ಮುಖಕ್ಕೆ ಆಕಾರ ಕೊಡುತ್ತದೆ. ಸಾಫ್ಟ್‌ಬಾಕ್ಸ್ ಇಲ್ಲವಾ? ದೀಪದ ಎದುರು ಬಿಳಿ ಮುಂಡು ಕಟ್ಟಿ. ಬೆಳಕು ಪ್ರತಿಫಲಿಸಲಿಕ್ಕೆ ಆಚೆ ಬದಿಗೆ ಥರ್ಮೋಕೋಲ್ ಹಾಳೆ ಹಿಡಿಯಿರಿ, ಮುಗಿಯಿತು. ನಾನು ಎಷ್ಟು ಸಲ ಪ್ಯಾಕಿಂಗ್ ಥರ್ಮೋಕೋಲ್ ಹಿಡಿಸಿದ್ದೇನೋ ಲೆಕ್ಕ ಇಲ್ಲ. ಹಿಡಿಯಲಿಕ್ಕೆ ಯಾವಾಗಲೂ ಮದುಮಗನ ತಮ್ಮ ಸಿಗುತ್ತಿದ್ದ.

ಹತ್ತಿರ ಅಂತ ಯಾಕೆ ಹೇಳಿದೆ ಅಂದರೆ, ಬೆಳಕಿಗೆ ದೂರದ ಲೆಕ್ಕ ಕಠಿಣ. ಒಂದು ಮೀಟರಿನಲ್ಲಿದ್ದ ದೀಪವನ್ನು ಎರಡು ಮೀಟರಿಗೆ ಒಯ್ದರೆ ಮುಖದ ಮೇಲೆ ಬೀಳುವುದು ಅರ್ಧ ಅಲ್ಲ, ಕಾಲು ಭಾಗ. ಮೂರು ಮೀಟರಾದರೆ ಒಂಬತ್ತರಲ್ಲಿ ಒಂದು ಪಾಲು. ಹಾಗಾಗಿ ಹತ್ತಿರದ ದೀಪ ಮುಖವನ್ನು ಬೆಳಗಿ ಹಿಂದಿನ ಗಲಾಟೆಯನ್ನು, ಅಂದರೆ ಸೋಫಾ, ಪ್ಲಾಸ್ಟಿಕ್ ಹೂವು, ಮೊಬೈಲ್ ಹಿಡಿದ ದೊಡ್ಡಪ್ಪ, ಇವರನ್ನೆಲ್ಲ ಕತ್ತಲಿಗೆ ತಳ್ಳುತ್ತದೆ. ದೂರದಿಂದ ಮೂರು ಪ್ಯಾನೆಲ್ ಹೊಡೆದರೆ ದೊಡ್ಡಪ್ಪನೂ ಮದುಮಗಳಷ್ಟೇ ಝಗಮಗ.

ಮಲ್ಲಿಗೆಯ ಕಥೆ ಹೇಳದಿದ್ದರೆ ನನಗೆ ಸಮಾಧಾನ ಇಲ್ಲ. ಅಕ್ಕ ಶಂಕರಪುರದಿಂದಲೇ ತರಿಸಿದ್ದಳು, ಅಟ್ಟೆಗೆ (ಅಂದರೆ ಹೂವಿನ ಕಟ್ಟಿಗೆ) ಕೊಟ್ಟ ರೇಟು ಭಾವನಿಗೆ ಇನ್ನೂ ಹೇಳಿಲ್ಲ. ಮುಖ ಬಿಳಿ ಬರುವಷ್ಟು ಎಕ್ಸ್‌ಪೋಶರ್ (ಕ್ಯಾಮೆರಾದ ಒಳಗೆ ಬಿಡುವ ಬೆಳಕು) ಏರಿಸಿದರೆ ಮೊದಲೇ ಬಿಳಿ ಇದ್ದ ಹೂವು ಎಲ್ಲಿಗೆ ಹೋಗಬೇಕು? ಆ ಹುಡುಗ ಕ್ಯಾಮೆರಾದ ಹಿಂದಿನ ಪರದೆಯಲ್ಲಿ ಒಂದು ಫೋಟೋ ತೋರಿಸಿದ. ಜಡೆಯಲ್ಲಿ ಒಂದು ಮೊಗ್ಗಿಲ್ಲ, ಒಂದು ಎಸಳಿಲ್ಲ, ಡಾಕ್ಟರ ಶಾಪಿನ ಹತ್ತಿ. ಹೋದ ಬಿಳಿಯನ್ನು ಯಾವ ಎಡಿಟಿಂಗೂ ವಾಪಸು ತರುವುದಿಲ್ಲ. ಅಲ್ಲಿ ಮಾಹಿತಿಯೇ ಇಲ್ಲವಲ್ಲ. ಹೋಮದ ಬೆಂಕಿಯೂ ಹೋಯಿತು. ಎಣ್ಣೆದೀಪದ ಬೆಳಕು ಸುಮಾರು 1900 ಕೆಲ್ವಿನ್ (ಬೆಳಕಿನ ಬಣ್ಣ ಅಳೆಯುವ ಲೆಕ್ಕ, ಏರಿದಷ್ಟೂ ಬಿಳಿ-ನೀಲಿ), ಕೆಂಪು ಬೆರೆತ ಹಳದಿ. ಅದರ ಎದುರು 5600 ಕೆಲ್ವಿನ್‌ನ ಪ್ಯಾನೆಲ್ ಇಟ್ಟ ಮೇಲೆ ಅಗ್ನಿಸಾಕ್ಷಿ ಅಂತ ಬಾಯಲ್ಲಿ ಹೇಳಬೇಕು ಅಷ್ಟೆ.

ಪಾಪ, ಇದೆಲ್ಲ ಆ ಹುಡುಗ ಹೊಸತಾಗಿ ಕಂಡುಹಿಡಿದ ರೋಗ ಅಂತ ನಾನು ಹೇಳುತ್ತಿಲ್ಲ. ನಮ್ಮ ಕಾಲದ ಕಲರ್ ಲ್ಯಾಬಿನವರು ಬಣ್ಣ ಹೊಂದಿಸುತ್ತಿದ್ದದ್ದು ಹೇಗೆ ಗೊತ್ತಾ? ಕೊಡಾಕ್‌ನವರು ಐವತ್ತರ ದಶಕದಿಂದ ಲ್ಯಾಬುಗಳಿಗೆ ಒಂದು ಮಾದರಿ ಫೋಟೋ ಕಳಿಸುತ್ತಿದ್ದರು, ಶರ್ಲಿ ಕಾರ್ಡ್ ಅಂತ ಅದರ ಹೆಸರು. ಅದರಲ್ಲಿದ್ದದ್ದು ಬೆಳ್ಳನೆಯ ಹೆಂಗಸು. ಅವಳ ಚರ್ಮ ಸರಿ ಬಂದರೆ ಮಷಿನು ಸರಿ. ನಮ್ಮ ಮಲ್ಪೆಯ ಮೀನುಗಾರ ಮರಕಾಲ, ನಮ್ಮ ಮನೆಯ ಅಜ್ಜಿ, ನಮ್ಮ ಅಕ್ಕ ಆ ಲೆಕ್ಕದಲ್ಲೇ ಇರಲಿಲ್ಲ. ಈಗ ಫಿಲ್ಮ್ ಹೋಗಿದೆ, ಲ್ಯಾಬ್ ಹೋಗಿದೆ, ಆ ಹೆಂಗಸು ಮಾತ್ರ ಫೋನಿನ ಬ್ಯೂಟಿ ಮೋಡ್ ಒಳಗೆ ಹೋಗಿ ಕೂತಿದ್ದಾಳೆ.

ನಿಮ್ಮಲ್ಲಿ ಕೆಲವರು ಈಗ ಹೇಳುತ್ತೀರಿ, ಗಿರಾಕಿ ಕೇಳುವುದೇ ಅದನ್ನು, ಅವನು ಎಂತ ಮಾಡಿಯಾನು, ಹೊಟ್ಟೆಪಾಡು ಅಂತ. ಕೇಳುತ್ತಾರೆ, ಒಪ್ಪಿದೆ. ಆದರೆ ಕೇಳುವ ಮೊದಲೇ ಪ್ಯಾನೆಲ್ ಹೊತ್ತಿಸಿ ನಿಂತಿರುತ್ತೀರಲ್ಲ, ಅದಕ್ಕೆ ಎಂತ ಹೇಳುವುದು? ನಿನ್ನೆ ಮದುಮಗಳು ಕೇಳಿರಲಿಲ್ಲ. ಅಕ್ಕ ಕೇಳಿರಲಿಲ್ಲ. ಭಾವನಿಗೆ ಬಫೆ ಕೌಂಟರ್ ಬಿಟ್ಟು ಬೇರೆ ಚಿಂತೆಯೇ ಇರಲಿಲ್ಲ. ಇನ್ನು ವಿಡಿಯೋಗೆ ಬೆಳಕು ಬೇಕೇ ಬೇಕು ಎನ್ನುವ ವಾದ. ಇಪ್ಪತ್ತು ವರ್ಷದ ಹಿಂದೆ ಸರಿ. ಈಗಿನ ಕ್ಯಾಮೆರಾಗಳು ದೇವಸ್ಥಾನದ ಒಳಗಿನ ಎಣ್ಣೆದೀಪದಲ್ಲೂ ಹಿಡಿಯುತ್ತವೆ, ಆ ಮಾತು ಬಿಡಿ. ಪಾಸ್‌ಪೋರ್ಟ್ ಫೋಟೋಗೆ ಎರಡೂ ಬದಿಯಿಂದ ಸಮ ಬೆಳಕು ಬೇಕು, ಅದನ್ನು ನಾನೂ ಸಾವಿರಗಟ್ಟಲೆ ತೆಗೆದಿದ್ದೇನೆ. ಅದು ವಿಮಾನ ನಿಲ್ದಾಣದವನಿಗೆ, ಮೊಮ್ಮಕ್ಕಳಿಗಲ್ಲ.

ಇಷ್ಟು ಹೊತ್ತು ದೊಡ್ಡ ಮನುಷ್ಯನ ಹಾಗೆ ಬರೆದೆ. ಇನ್ನು ಒಂದು ವಿಷಯ ಹೇಳಬೇಕು. ಇದನ್ನು ಬರೆಯುವುದೋ ಬೇಡವೋ ಅಂತ ಬೆಳಗಿನ ಜಾವದವರೆಗೆ ಹೊರಳಾಡಿದೆ.

1990. ನಾನು ಇಪ್ಪತ್ತರ ಹುಡುಗ, ಒಂದು ಸ್ಟುಡಿಯೋದಲ್ಲಿ ಕೆಲಸ ಕಲಿಯುತ್ತಿದ್ದೆ. ಅಕ್ಕನಿಗೆ ಗಂಡು ಹುಡುಕುತ್ತಿದ್ದರು. ಪೋಸ್ಟ್‌ಕಾರ್ಡ್ ಸೈಜಿನ ಒಂದು ಬ್ಲ್ಯಾಕ್ ಅಂಡ್ ವೈಟ್ ಫೋಟೋ ಬೇಕು ಅಂತ ಅಪ್ಪ ಹೇಳಿದರು. "ಇವನೇ ತೆಗೆಯುತ್ತಾನಲ್ಲ" ಅಂತ ಅಕ್ಕನಿಗೆ ಹೆಮ್ಮೆ. ಅವಳು ಅಮ್ಮನ ಬಣ್ಣ. ನಾನು ಎರಡು ಹ್ಯಾಲೊಜನ್ ದೀಪಗಳನ್ನು ತಂದು ಅವಳ ಮುಖದ ಎದುರಿಗೇ ಇಟ್ಟೆ. ಮುಖದಲ್ಲಿ ಒಂದು ಗೆರೆ ನೆರಳು ಉಳಿಯಲಿಲ್ಲ. ಅದೂ ಸಾಲದೆ ನೆಗೆಟಿವನ್ನು ರೀಟಚ್ಚಿಂಗ್ ಡೆಸ್ಕಿನ ಮೇಲಿಟ್ಟು, ಚೂಪು ಪೆನ್ಸಿಲಿನಿಂದ ಕೆನ್ನೆ, ಕುತ್ತಿಗೆ, ಕಣ್ಣಿನ ಕೆಳಗೆ ಎರಡು ತಾಸು ತೀಡಿದೆ. ನೆಗೆಟಿವ್ ಮೇಲೆ ಪೆನ್ಸಿಲ್ ಕಪ್ಪಾದಷ್ಟೂ ಪ್ರಿಂಟಿನಲ್ಲಿ ಮುಖ ಬೆಳ್ಳಗಾಗುತ್ತದೆ. ಧಣಿ ಬೆನ್ನು ತಟ್ಟಿದರು. ಯಾರೂ ನನಗೆ ಹಾಗೆ ಮಾಡು ಅಂತ ಹೇಳಿರಲಿಲ್ಲ. ಅಕ್ಕನೂ ಹೇಳಿರಲಿಲ್ಲ. ಉಪಕಾರ ಮಾಡುತ್ತಿದ್ದೇನೆ ಅಂತಲೇ ತಿಳಿದಿದ್ದೆ.

ಫೋಟೋ ಒಪ್ಪಿಗೆಯಾಗಿ ಗಂಡಿನ ಕಡೆಯವರು ನೋಡಲಿಕ್ಕೆ ಬಂದರು. ಜಗಲಿಯಲ್ಲಿ ಕೂತರು. ಅಕ್ಕ ಕಾಫಿ ತಟ್ಟೆ ಹಿಡಿದು ಹೊಸ್ತಿಲು ದಾಟುವಾಗ ಅವರಲ್ಲೊಬ್ಬ ಹೆಂಗಸು ಪಕ್ಕದವರ ಹತ್ತಿರ, "ಫೋಟೋದಲ್ಲಿ ಇದ್ದದ್ದು ತಂಗಿಯಾ?" ಅಂತ ಕೇಳಿದಳು. ಮೆಲ್ಲಗೆ ಕೇಳಿದ್ದೇ, ಆದರೆ ನಮ್ಮ ಜಗಲಿ ಅಷ್ಟು ದೊಡ್ಡದಲ್ಲ. ಅಕ್ಕ ತಟ್ಟೆ ಇಟ್ಟು ಒಳಗೆ ಹೋದಳು. ನನ್ನನ್ನು ಬೈಯಲಿಲ್ಲ. ಮೂವತ್ತೈದು ವರ್ಷವಾಯಿತು, ಒಂದು ಸಲವೂ ಆ ಮಾತು ತೆಗೆದಿಲ್ಲ. ಬೈದಿದ್ದರೆ ಇಷ್ಟು ಹೊತ್ತಿಗೆ ಮರೆತುಬಿಡುತ್ತಿದ್ದೆ. ಭಾವ ಫೋಟೋ ನೋಡದೆ ನೇರ ಮನೆಗೆ ಬಂದವರು, ಅದೊಂದು ಪುಣ್ಯ.

ಅದಕ್ಕೇ ನಿನ್ನೆ "ಎಕ್ಸ್‌ಟ್ರಾ ಲೈಟ್" ಅಂದ ಕೂಡಲೇ ನನಗೆ ಕೋಪ ಬಂದದ್ದು ಆ ಹುಡುಗನ ಮೇಲೆ ಮಾತ್ರವಾ ಅಂತ ಕೇಳಬೇಡಿ.

ಅಕ್ಕನ ಒಂದು ಒಳ್ಳೆಯ ಫೋಟೋ ನಾನು ತೆಗೆದದ್ದು ಮರುವರ್ಷ, ಆಟಿ ತಿಂಗಳಲ್ಲಿ (ತುಳುನಾಡಿನ ಜೋರು ಮಳೆಯ ತಿಂಗಳು). ಹೊಸ ಮದುಮಗಳು ಆಟಿಗೆ ತವರಿಗೆ ಬಂದಿದ್ದಳು. ಹೊರಗೆ ಧೋ ಅಂತ ಮಳೆ, ಕರೆಂಟು ಹೋಗಿ ಎರಡು ದಿನ. ಜಗಲಿಯಲ್ಲಿ ಕೂತು ಹಲಸಿನ ಬೀಜದ ಸಿಪ್ಪೆ ತೆಗೆಯುತ್ತಿದ್ದಳು. ಹೆಂಚಿನ ಮಾಡು ಮೇಲಿನ ಬೆಳಕನ್ನು ತಡೆದಿತ್ತು, ಅಂಗಳದ ಕಡೆಯಿಂದ ಮಾತ್ರ ಬೂದು ಆಕಾಶದ ಬೆಳಕು ಒಳಗೆ ಬರುತ್ತಿತ್ತು. ಮೋಡ ಕವಿದ ಆಕಾಶಕ್ಕಿಂತ ದೊಡ್ಡ ಸಾಫ್ಟ್‌ಬಾಕ್ಸ್ ಯಾವ ಕಂಪೆನಿಯೂ ಮಾಡಿಲ್ಲ. ಒಂದು ಬದಿ ಕೆನ್ನೆ ಬೆಳಗಿತ್ತು, ಇನ್ನೊಂದು ಬದಿ ಅಡಿಗೆಮನೆಯ ಕತ್ತಲಿಗೆ ಜಾರುತ್ತಿತ್ತು. ಕ್ಯಾಮೆರಾದ ಬೆಳಕು ಅಳೆಯುವ ಮೀಟರ್ ಹೇಳಿದ್ದನ್ನು ನಂಬದೆ (ಅದಕ್ಕೆ ಎಲ್ಲವೂ ನಡು ಬೂದುಬಣ್ಣವಾಗಿ ಕಂಡರೆ ಸಂತೋಷ) ಕೆನ್ನೆಯನ್ನು ಕೆನ್ನೆಯ ಬಣ್ಣಕ್ಕೇ ಬಿಟ್ಟು ಒಂದೇ ಒಂದು ಫ್ರೇಮ್ ತೆಗೆದೆ. ಪೆನ್ಸಿಲ್ ಮುಟ್ಟಲಿಲ್ಲ. ವರ್ಷದಲ್ಲಿ ಅತಿ ಚಂದದ ಬೆಳಕು ಇರುವುದು ಆಟಿಯಲ್ಲಿ, ನಮ್ಮಲ್ಲಿ ಮದುವೆ ಇಲ್ಲದೇ ಇರುವುದೂ ಆಟಿಯಲ್ಲೇ. ಫೋಟೋಗ್ರಾಫರುಗಳ ಹಣೆಬರಹ ನೋಡಿ.

ನಿನ್ನೆಗೆ ವಾಪಸು ಬರುತ್ತೇನೆ. ಊಟವಾದ ಮೇಲೆ ಮದುಮಗಳು ಸೆಕೆ ತಡೆಯಲಾಗದೆ ಹಾಲ್‌ನ ಹಿಂಬದಿಗೆ, ಪಾತ್ರೆ ತೊಳೆಯುವ ಜಾಗದ ಬಾಗಿಲಿಗೆ ಬಂದು ನಿಂತಿದ್ದಳು. ಅಲ್ಲಿ ಪ್ಯಾನೆಲ್ ಇಲ್ಲ, ಡ್ರೋನ್ ಇಲ್ಲ. ಹೊರಗಿನ ಬಿಳಿ ಕಾಂಪೌಂಡ್ ಗೋಡೆಗೆ ಬಿಸಿಲು ಹೊಡೆದು, ಅದರ ಪ್ರತಿಫಲನ ಬದಿಯಿಂದ ಒಳಗೆ ಬರುತ್ತಿತ್ತು. "ಮಾವ, ಕಾಲು ನೋಯ್ತಾ ಉಂಟು" ಅಂದಳು. "ಹಾಗೇ ನಿಲ್ಲು, ಸ್ವಲ್ಪ ಆ ಗೋಡೆ ಕಡೆ ತಿರುಗು" ಅಂದು ಫೋನಿನಲ್ಲಿ ತೆಗೆದೆ. ಪರದೆಯ ಮೇಲೆ ಬೆರಳಿಟ್ಟು ಬೆಳಕು ಇಳಿಸಿದೆ, ಬ್ಯೂಟಿ ಮೋಡ್ ಆಫ್. ಹಿಂದೆ ಎರಡು ಅನ್ನದ ಕೊಪ್ಪರಿಗೆ ಬಂದಿದೆ, ಇರಲಿ. ಮಲ್ಲಿಗೆಯ ಮೊಗ್ಗು ಎಣಿಸಬಹುದು. ಮೂಗುಬೊಟ್ಟಿನ ಪಕ್ಕದಲ್ಲಿ ಒಂದು ಸಣ್ಣ ಹೊಳಪು. ಮುಖ ಸಾಕ್ಷಾತ್ ಅಕ್ಕನದ್ದು.

ಅಷ್ಟರಲ್ಲಿ ಅಕ್ಕ ಮಗಳನ್ನು ಹುಡುಕಿಕೊಂಡು ಬಂದಳು. ಫೋನು ಕೈಗೆ ಕೊಟ್ಟೆ. ಕನ್ನಡಕ ಏರಿಸಿ, ಹತ್ತಿರ ಹಿಡಿದು, ಸುಮಾರು ಹೊತ್ತು ನೋಡಿದಳು. ಆಮೇಲೆ, "ಇದು ಆಟಿಯಲ್ಲಿ ತೆಗೆದದ್ದರ ಹಾಗೇ ಉಂಟಲ್ಲ" ಅಂದಳು. ನಾನು ಎಂತ ಹೇಳಲಿ ಅಂತ ಯೋಚಿಸುವಷ್ಟರಲ್ಲಿ ಫೋನು ವಾಪಸು ಕೊಟ್ಟು, "ನನಗೆ ವಾಟ್ಸಾಪ್ ಮಾಡು. ಫೇಸ್‌ಬುಕ್ಕಿಗೆ ಹಾಕಿದರೆ ಜಾಗ್ರತೆ" ಅಂದು ಮಗಳನ್ನು ಎಳೆದುಕೊಂಡು ಹೋದಳು.

ಹಾಗಾಗಿ ಈ ಪೋಸ್ಟಿಗೆ ಫೋಟೋ ಇಲ್ಲ. ಕೇಳಬೇಡಿ.