ಒಂದು ಗೋಡಂಬಿ ಕಮ್ಮಿ ಇದ್ದ ಕೇಕು

ಹೋದ ವಾರ ಬೆಂಗಳೂರಲ್ಲಿ ಒಂದು ಕೆಲಸ ಇತ್ತು. ಚಾಮುಂಡಿ ಎಕ್ಸ್‌ಪ್ರೆಸ್‌ನಲ್ಲಿ ಪುಣ್ಯಕ್ಕೆ ಕಿಟಕಿ ಪಕ್ಕದ ಸೀಟು ಸಿಕ್ಕಿತು. ಬ್ಯಾಗಲ್ಲಿ ಮಗಳು ತುರುಕಿದ್ದ ಒಂದು ಇಂಗ್ಲಿಷ್ ಕಾದಂಬರಿ. "ಅಮ್ಮ, ಬೇಕರಿ ಕತೆ, ನಿಂಗೆ ಅಂತಾನೇ ಬರೆದಂಗಿದೆ" ಅಂದಿದ್ಲು. ರಟ್ಟಿನ ಮೇಲೆ ಹಿಮ ಸುರೀತಿದೆ. ಪುಟ್ಟ ಬೇಕರಿ, ಕಿಟಕಿ ತುಂಬ ಸೀರಿಯಲ್ ಸೆಟ್ಟು, ಬಾಗಿಲಲ್ಲಿ ಕೆಂಪು ಮಫ್ಲರಿನ ಹುಡುಗಿ, ಎದುರಿಗೆ ಕೈಕಟ್ಟಿ ನಿಂತ ಗಡ್ಡದ ಹುಡುಗ. ಒಳಗೆ ಏನಿದೆ ಅಂತ ರಟ್ಟೇ ಹೇಳಿಬಿಡುತ್ತೆ.

ತೀರಿಹೋದ ಅಜ್ಜಿ ಬಿಟ್ಟುಹೋದ ಬೇಕರಿ. ದೊಡ್ಡ ಊರಿನ ಕೆಲಸ ಬಿಟ್ಟು ಬಂದ ಮೊಮ್ಮಗಳು. ಆ ಜಾಗದ ಮೇಲೆ ಕಣ್ಣಿಟ್ಟಿರೋ ಕಂಪನಿಯ ಹುಡುಗ. ಕ್ರಿಸ್‌ಮಸ್‌ಗೆ ಇನ್ನು ಹನ್ನೆರಡೇ ದಿನ. ಶ್ರೀರಂಗಪಟ್ಟಣದ ಸೇತುವೆ ದಾಟೋ ಹೊತ್ತಿಗೆ ಅವಳು ಅವನ ಕೋಟಿನ ಮೇಲೆ ಕಾಫಿ ಚೆಲ್ಲಿ ಆಗಿತ್ತು. ಮಂಡ್ಯದಲ್ಲಿ ಜಗಳ. ಮದ್ದೂರಲ್ಲಿ ವಡೆಯವನು ಬಂದಾಗ ಇಬ್ಬರೂ ಹಿಮದಲ್ಲಿ ಸಿಕ್ಕಿಹಾಕಿಕೊಂಡು ಒಂದೇ ಕಂಬಳಿ ಹೊದ್ದು ಕೂತಿದ್ರು. ರಾಮನಗರದ ಬಂಡೆಗಳು ಕಾಣೋಷ್ಟರಲ್ಲಿ ಮುತ್ತು. ಬಿಡದಿಯಲ್ಲಿ ತಪ್ಪು ತಿಳುವಳಿಕೆ, ಅದು ಬರಲೇಬೇಕಲ್ಲ. ಮಿಕ್ಕಿದ್ದನ್ನ ವಾಪಸ್ ಬರ್ತಾ ಓದಿ ಮುಗಿಸಿದೆ.

ಬೈಯೋಕೆ ಬರೀತಿಲ್ಲ, ಮೊದಲೇ ಹೇಳಿಬಿಡ್ತೀನಿ. ನಗ್ತಾ ಓದಿದೆ, ಒಂದು ಕಡೆ ಕಣ್ಣೂ ಒದ್ದೆ ಆಯ್ತು. ಎದುರು ಸೀಟಿನ ಒಬ್ಬರು ರಟ್ಟು ನೋಡಿ "ಟೈಂಪಾಸಾ ಮೇಡಂ?" ಅಂದ್ರು. ಅವರು ಮೊಬೈಲಲ್ಲಿ ಯಾರೋ ಯಾರಿಗೋ ಕೂಗಾಡೋ ವಿಡಿಯೋ ನೋಡ್ತಿದ್ರು, ಅದು ಜ್ಞಾನಾರ್ಜನೆ ಇರಬೇಕು. ಪ್ರೇಮ ಕಾದಂಬರಿಗೇ ಹೆಸರಾದ ಪ್ರಕಾಶನ ಮಿಲ್ಸ್ ಅಂಡ್ ಬೂನ್ ಲಂಡನ್ನಲ್ಲಿ ಶುರುವಾಗಿದ್ದು 1908ರಲ್ಲಿ. ಅವತ್ತಿನಿಂದ ಇವತ್ತಿನ ತನಕ ಪ್ರೇಮ ಕಾದಂಬರಿ ಓದೋ ಹೆಂಗಸರು ರಟ್ಟಿಗೆ ಪೇಪರ್ ಸುತ್ತಿಕೊಂಡೇ ಓದ್ತಿದಾರೆ. ನಾನೂ ಕಾಲೇಜಲ್ಲಿ ಬಾಡಿಗೆ ಲೈಬ್ರರಿಯಿಂದ ತಂದು, ಅರ್ಥಶಾಸ್ತ್ರದ ಗೈಡ್ ಒಳಗಿಟ್ಟು ಓದಿದವಳೇ. ಕೊನೆಗೆ ಇಬ್ಬರೂ ಒಂದಾಗ್ತಾರೆ ಅಂತ ಗೊತ್ತಿದ್ದೇ ಓದೋದು. ಹೆಂಗೆ ಒಂದಾಗ್ತಾರೆ ಅನ್ನೋದ್ರಲ್ಲಿ ಮಜ.

ನನ್ನ ತಕರಾರು ಬೇರೆ. ಮುನ್ನೂರು ಪುಟದ ಬೇಕರಿ ಕತೆಯಲ್ಲಿ ಒಬ್ಬರೂ ಬೆವರಲ್ಲ. ಹುಡುಗಿ ಬೆಳಗ್ಗೆ ಏಳು ಗಂಟೆಗೆ ಎದ್ದು, ಕಿಟಕಿಯಾಚೆ ಹಿಮ ನೋಡ್ತಾ ಹಿಟ್ಟು ನಾದ್ತಾಳೆ, ಎಂಟಕ್ಕೆ ಬನ್ನು ರೆಡಿ. ಇದನ್ನ ಅಪ್ಪನಿಗೆ ಓದಿ ಹೇಳಿದೆ. ಎಂಬತ್ತರ ಹತ್ತಿರದ ಮನುಷ್ಯ, ಕಿವಿ ಸ್ವಲ್ಪ ಮಂದ. ಎರಡು ಸಲ ಕೇಳಿಸಿಕೊಂಡು "ಆ ಚಳೀಲಿ ಒಂದು ಗಂಟೆಗೆ ಹಿಟ್ಟು ಉಬ್ಬುತ್ತಾ? ಹಂಗಿದ್ರೆ ಆ ಈಸ್ಟು ಎಲ್ಲಿ ಸಿಗುತ್ತೆ ಕೇಳು" ಅಂದ್ರು.

ಅಪ್ಪ ಹಾಸನದ ಕಡೆಯವರು. ಹಾಸನಕ್ಕೂ ಬೇಕರಿಗೂ ಇರೋ ನಂಟು ಹಳೇದು. ಬೆಂಗಳೂರಿನ ಚಿಕ್ಕಪೇಟೆಯಲ್ಲಿ 1898ರಲ್ಲಿ ಬಿ.ಬಿ. ಬೇಕರಿ ಶುರುಮಾಡಿದ ತಿರುಮಲಾಚಾರ್ ಅವರು ಹಾಸನದ ಕಡೆಯಿಂದ ಬಂದವರು. ಅವರ ಹಿಂದೆ ನೆಂಟರು, ನೆಂಟರ ಹಿಂದೆ ಊರವರು, ಹಿಂಗೇ ಅಯ್ಯಂಗಾರ್ ಬೇಕರಿ ರಾಜ್ಯ ಪೂರ್ತಿ ಹಬ್ಬಿತು. ಅಪ್ಪ ಹದಿನೈದನೇ ವಯಸ್ಸಿಗೆ ಅಂಥ ಒಂದು ಬೇಕರಿಯಲ್ಲಿ ಟ್ರೇ ತೊಳೆಯೋಕೆ ಸೇರಿ, ಮೈದಾ ಮೂಟೆ ಮೇಲೆ ಮಲಗಿ, ಕೆಲಸ ಕಲಿತು, ಆಮೇಲೆ ಮೈಸೂರಿಗೆ ಬಂದು ಅಶೋಕ ರಸ್ತೆಗೆ ಸೇರೋ ಒಂದು ಅಡ್ಡರಸ್ತೆಯಲ್ಲಿ ಸ್ವಂತ ಬೇಕರಿ ಇಟ್ರು. ಸೌದೆ ಭಟ್ಟಿ. ಖಾರ ಬನ್ನು, ಬೆಣ್ಣೆ ಬಿಸ್ಕತ್ತು, ದಿಲ್‌ಪಸಂದ್, ಹನಿ ಕೇಕು, ಕಾಂಗ್ರೆಸ್ ಕಡ್ಲೆಬೀಜ. ಮೊಟ್ಟೆ ಹಾಕ್ತಿರಲಿಲ್ಲ. ಏಪ್ರಿಲ್‌ನಲ್ಲಿ ಎರಡು ಗಂಟೆಯಲ್ಲಿ ಉಬ್ಬೋ ಹಿಟ್ಟು ಡಿಸೆಂಬರಿನಲ್ಲಿ ನಾಲ್ಕು ಗಂಟೆ ಕಾದ್ರೂ ಮುನಿಸಿಕೊಂಡೇ ಇರೋದು. ಅದಕ್ಕೆ ಒದ್ದೆ ಬಟ್ಟೆ ಹೊದಿಸಿ ಭಟ್ಟಿಯ ಬೆಚ್ಚಗಿನ ಗೋಡೆಗೆ ಆನಿಸಿ ಇಡೋರು. ಮಾಸ್ಟರು, ಇಬ್ಬರು ಹುಡುಗರು, ಅಪ್ಪ, ಎಲ್ಲರೂ ಹಿಟ್ಟಿಗೆ ಕಾಯ್ತಾ ಕೂರೋರು. ಆಗ ಮಾಡೋಕೆ ಏನೂ ಕೆಲಸ ಇರಲ್ಲ, ಮಾತೊಂದೇ. ಬೇಕರಿಯಲ್ಲಿ ಪ್ರೀತಿ ಹುಟ್ಟೋ ಹಾಗಿದ್ರೆ ರಾತ್ರಿ ಎರಡು ಗಂಟೆಯ ಆ ಕಾಯುವಿಕೆಯಲ್ಲಿ ಹುಟ್ಟಬೇಕು. ಕಾದಂಬರಿ ಬರೆದವರು ಆ ನಾಲ್ಕು ಗಂಟೆಯನ್ನೇ ಕತ್ತರಿಸಿ ಬಿಸಾಕಿದ್ದಾರೆ.

ಇನ್ನು ಹಬ್ಬದ ವಿಷಯ. ಸಂತ ಫಿಲೋಮಿನಾ ಚರ್ಚಿನ ಅವಳಿ ಗೋಪುರ ನಮ್ಮ ಅಂಗಡಿ ಮೆಟ್ಟಿಲಿಂದ ಕಾಣೋದು. 175 ಅಡಿ ಎತ್ತರ, 1933ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಅಡಿಗಲ್ಲು ಹಾಕಿದ್ದು. ಡಿಸೆಂಬರ್ ಬಂದ್ರೆ ಸುತ್ತಮುತ್ತಲ ಮನೆಗಳ ಮೇಲೆ ನಕ್ಷತ್ರ, ಚರ್ಚಲ್ಲಿ ಗೋದಲಿ, ನಮ್ಮ ಬೇಕರಿ ಮುಂದೆ ಟಿನ್ನುಗಳ ಸಾಲು. ಆಗ ಮನೆಗಳಲ್ಲಿ ಓವನ್ ಎಲ್ಲಿತ್ತು? ಹಣ್ಣು ನೆನೆಸಿ, ಸಕ್ಕರೆ ಸುಟ್ಟು ಪಾಕ ಮಾಡಿ, ಕೇಕಿನ ಹಿಟ್ಟು ಕಲಸಿ ಟಿನ್ನಿಗೆ ಸುರಿದುಕೊಂಡು ಬಂದು, ಬೇಯಿಸಿಕೊಡಿ ಅನ್ನೋರು. ಮೊಟ್ಟೆ ಇರೋ ಹಿಟ್ಟು, ರಮ್ಮು ಇರೋ ಹಿಟ್ಟು. ಅಜ್ಜಿ ಮೂಗು ಮುರಿದ್ರೆ ಅಪ್ಪ "ಅವರ ಟಿನ್ನು, ಅವರ ಮೊಟ್ಟೆ. ಬೆಂಕಿ ಮಾತ್ರ ನಮ್ಮದು" ಅನ್ನೋರು.

ಯಾರ ಟಿನ್ನು ಯಾರದು ಅಂತ ಗುರುತು ಹಿಡಿಯೋದೇ ಕಷ್ಟ. ಹೆಸರು ಬರೆದು ಚೀಟಿ ಅಂಟಿಸಿದ್ರೆ ಭಟ್ಟಿಯಲ್ಲಿ ಬೂದಿ. ಅದಕ್ಕೆ ಅಪ್ಪ ಒಂದು ಉಪಾಯ ಮಾಡಿದ್ರು. ಹಿಟ್ಟಿನ ಮೇಲೆ ಗೋಡಂಬಿ ಇಡೋದು. ಒಂದು ಗೋಡಂಬಿ ಇಂಥವರ ಮನೆ, ಎರಡು ಅಡ್ಡಕ್ಕಿದ್ರೆ ಇಂಥವರದು, ಮೂರು ತ್ರಿಕೋನಕ್ಕಿದ್ರೆ ಇನ್ನೊಬ್ಬರದು. ಗಲ್ಲಾಪೆಟ್ಟಿಗೆ ಪಕ್ಕದ ಲೆಕ್ಕದ ಪುಸ್ತಕದಲ್ಲಿ ಹೆಸರಿನ ಮುಂದೆ ಚುಕ್ಕೆ ಹಾಕಿಕೊಂಡಿರೋರು. ದಟ್ಟ ಹಿಟ್ಟಾದ್ದರಿಂದ ಗೋಡಂಬಿ ಮುಳುಗ್ತಿರಲಿಲ್ಲ, ಬೆಂದ ಮೇಲೂ ಕಂದು ಬಣ್ಣಕ್ಕೆ ತಿರುಗಿ ಹಂಗೇ ಕೂತಿರೋದು.

1991ರ ಡಿಸೆಂಬರ್ 24. ನನಗೆ ಒಂಬತ್ತು ವರ್ಷ. ನಮ್ಮ ಮಿಸ್ಸು ಒಬ್ಬರ ಟಿನ್ನಿಗೆ ಮೂರು ಗೋಡಂಬಿ, ರೈಲ್ವೆಯಿಂದ ರಿಟೈರಾಗಿದ್ದ ಅಂಕಲ್ ಒಬ್ಬರದಕ್ಕೆ ಎರಡು. ಎರಡೂ ಟಿನ್ನು ಒಂದೇ ಅಳತೆ. ಮಿಸ್ಸಿನ ಮನೆ ಹಣ್ಣು ಅಕ್ಟೋಬರಿಂದ ರಮ್ಮಲ್ಲಿ ನೆಂದಿತ್ತು. ಅಂಕಲ್ ಮನೆಯದು ಹೆಂಡ ಅನ್ನೋ ಮಾತೂ ಆಡದ ಮನೆ, ಅವರ ಹಣ್ಣು ನೆಂದಿದ್ದು ಕಿತ್ತಳೆ ರಸದಲ್ಲಿ. ಟಿನ್ನುಗಳು ಹಲಗೆ ಮೇಲೆ ಸರದಿಗೆ ಕಾಯ್ತಿದ್ವು. ಈ ಒಂಬತ್ತು ವರ್ಷದ ಹುಡುಗಿಗೆ ಗೋಡಂಬಿ ಕಂಡಿತು. ಮೂರಿದ್ದದ್ದು ಎರಡಾಯ್ತು.

ಬೆಂದು ಹೊರಬಂದ ಮೇಲೆ ಅಪ್ಪ ಎರಡೆರಡು ಗೋಡಂಬಿಯ ಎರಡು ಕೇಕು ಮುಂದಿಟ್ಟುಕೊಂಡು ಲೆಕ್ಕದ ಪುಸ್ತಕ ನೋಡ್ತಾರೆ, ಕೇಕು ನೋಡ್ತಾರೆ, ಮಾಸ್ಟರ್ ಮುಖ ನೋಡ್ತಾರೆ. ಹೊರಗೆ ಜನ. ರಾತ್ರಿ ಪೂಜೆಗೆ ಎಲ್ಲರಿಗೂ ಆತುರ. ದೇವರ ಮೇಲೆ ಭಾರ ಹಾಕಿ ಕೊಟ್ಟುಬಿಟ್ರು.

ಮಾರನೇ ದಿನ ಸಂಜೆ ಮಿಸ್ಸು ಬಂದ್ರು. "ಹಣ್ಣಿನ ಘಮವೇ ಇಲ್ವಲ್ರೀ" ಅಂದ್ರು. ರಮ್ಮು ಅಂತ ಬಾಯಿಬಿಟ್ಟು ಹೇಳಲಿಲ್ಲ, ನಾನು ಪಕ್ಕದಲ್ಲೇ ಇದ್ದೆನಲ್ಲ. ಅಪ್ಪ "ಸೌದೆ ಕಾವು ಮಿಸ್, ಹಾರಿಹೋಗಿರುತ್ತೆ" ಅಂದ್ರು. ಅವರು ಹೋದ ಅರ್ಧ ಗಂಟೆಗೆ ಅಂಕಲ್ ಬಂದ್ರು. ನಮ್ಮ ಎದೆ ಢವಢವ. ಅವರು ಕೌಂಟರಿಗೆ ಬಗ್ಗಿ, ದನಿ ಇಳಿಸಿ, "ಈ ಸಲ ಕೇಕು ಬಹಳ ಹದವಾಗಿ ಬಂದಿದೆ. ನಮ್ಮ ತಾಯಿ ಮೂರು ತುಂಡು ತಿಂದು ಇನ್ನೂ ಎದ್ದಿಲ್ಲ" ಅಂದು ಹತ್ತು ರೂಪಾಯಿ ಜಾಸ್ತಿ ಕೊಟ್ಟು ಹೋದ್ರು. ಮುಂದಿನ ವರ್ಷ ಟಿನ್ನು ಕೊಡೋವಾಗ "ಹೋದ ವರ್ಷದ ಥರಾನೇ ಮಾಡಿಕೊಡಿ" ಅಂತ ಒಂದು ಮಾತು ಸೇರಿಸಿದ್ರು.

ಮಿಸ್ಸಿನ ಮಗಳಿಗೂ ಅಂಕಲ್ ಮಗನಿಗೂ ಮದುವೆ ಆಯ್ತಾ ಅಂತ ಕೇಳಬೇಡಿ. ಮಿಸ್ಸಿಗೆ ಇಬ್ಬರೂ ಗಂಡುಮಕ್ಕಳು. ಆದ್ರೆ ಕತೆ ಬರೆಯೋರ ಕೈಗೆ ಈ ಅದಲುಬದಲು ಸಿಕ್ಕಿದ್ರೆ ಏನಾಗ್ತಿತ್ತು ಯೋಚನೆ ಮಾಡಿ. ಇಂಥದ್ದು ಹುಟ್ಟೋದು ಚೀಟಿ ಸುಟ್ಟುಹೋಗುತ್ತೆ ಅಂತ ಗೊತ್ತಿದ್ದವರಿಗೆ. ನಾನು ಓದಿದ ಪುಸ್ತಕದಲ್ಲಿ ಬೇಕರಿ ಇರೋದು ಫೋಟೋ ಸ್ಟುಡಿಯೋದ ಪರದೆ ಹಂಗೆ. ಅದನ್ನ ಎತ್ತಿ ಹೂವಿನಂಗಡಿ ಇಟ್ರೂ ಆ ಇಬ್ಬರಿಗೆ ಏನೂ ವ್ಯತ್ಯಾಸ ಆಗಲ್ಲ. ಬೇಕರಿ ಮುಳುಗ್ತಿದೆ ಅಂತ ಹುಡುಗಿ ಅಳ್ತಾಳೆ, ಆದ್ರೆ ಮೈದಾ ಸಾಲ ಎಷ್ಟು, ಉಳಿದ ಬ್ರೆಡ್ಡನ್ನ ಏನು ಮಾಡ್ತಾಳೆ, ಒಂದು ಸಾಲೂ ಇಲ್ಲ. ನಮ್ಮಲ್ಲಿ ಉಳಿದ ಬ್ರೆಡ್ಡು ಸೀಳಿ ಇನ್ನೊಂದು ಸಲ ಭಟ್ಟಿಗೆ ಹೋಗಿ ರಸ್ಕ್ ಆಗಿ ಬರೋದು. ಮುರಿದುಹೋದ ಪ್ರೀತಿ ಹತ್ತು ವರ್ಷದ ಮೇಲೆ ಮತ್ತೆ ಕೂಡಿಕೊಳ್ಳೋ ಕತೆಗಳಿವೆಯಲ್ಲ, ಅದೂ ರಸ್ಕೇ. ಟೀಗೆ ಅದ್ದಿದ್ರೇನೇ ರುಚಿ.

ಇನ್ನೊಂದು ವಿಷಯ. ಅವರ ಬೇಕರಿಯಲ್ಲಿ ಮೆತ್ತನೆ ಕುರ್ಚಿ, ಬೆಂಕಿಗೂಡು. ಎರಡು ಗಂಟೆ ಕೂತು ಕಣ್ಣಲ್ಲಿ ಕಣ್ಣಿಟ್ಟು ನೋಡಬಹುದು. ನಮ್ಮೂರ ಬೇಕರಿಯಲ್ಲಿ ಕೂರೋಕೆ ಜಾಗ ಎಲ್ಲಿದೆ? ನಿಂತುಕೊಂಡು, ಪೇಪರ್ ಚೂರಲ್ಲಿ ಬನ್ನು ಹಿಡಿದುಕೊಂಡು, ಪಕ್ಕದ ಮನೆ ಮಾಮ ಬಂದ್ರೆ ಸರಿದು ಜಾಗ ಬಿಟ್ಟು ತಿನ್ನಬೇಕು. ಪ್ರೇಮಕತೆಗೆ ಬೇಕಾಗಿರೋದು ಇದೇ ಅಂತೀನಿ ನಾನು. ಹೋಟೆಲಿಗೆ ಹುಡುಗ ಹುಡುಗಿ ಒಟ್ಟಿಗೆ ಹೋದ್ರೆ ಸುದ್ದಿ, ಪಾರ್ಕಿಗೆ ಹೋದ್ರೆ ದೊಡ್ಡ ಸುದ್ದಿ, ಬೇಕರಿ ಮುಂದೆ ಪಕ್ಕಪಕ್ಕ ನಿಂತ್ರೆ ಬನ್ನು ತಿಂತಿದಾರೆ, ಅಷ್ಟೇ. ಅಪ್ಪ ಗಡಿಯಾರ ನೋಡ್ತಿರಲಿಲ್ಲ. ಯಾವನೋ ಹುಡುಗ ಒಂದೇ ಖಾರ ಬನ್ನನ್ನ ಇಪ್ಪತ್ತು ನಿಮಿಷದಿಂದ ತಿಂತಿದಾನೆ ಅಂದ್ರೆ ಮೇಲಿನ ಟ್ಯೂಷನ್ ಬಿಡೋ ಹೊತ್ತಾಯ್ತು ಅಂತ ಲೆಕ್ಕ. ಮೆಟ್ಟಿಲ ಮೇಲೆ ಹುಡುಗಿಯರ ಚಪ್ಪಲಿ ಸದ್ದು ಕೇಳಿದ್ರೆ ಅವನು ಗಾಬರಿಯಿಂದ ಇನ್ನೊಂದು ಬನ್ನು ಕೇಳೋನು. ಅಪ್ಪ "ತಗೋ, ನಿಧಾನಕ್ಕೆ ತಿನ್ನು" ಅನ್ನೋರು. ವ್ಯಾಪಾರಕ್ಕೆ ವ್ಯಾಪಾರ, ಪುಣ್ಯಕ್ಕೆ ಪುಣ್ಯ.

ನಮ್ಮ ಬೇಕರಿ ಕತೆಗೆ ಹಿಮವೂ ಬೇಡ. ದಸರಾ ಇಟ್ಟುಕೊಳ್ಳಿ. ಸಯ್ಯಾಜಿರಾವ್ ರಸ್ತೆಯ ಬದಿಯ ಒಂದು ಬೇಕರಿ. ಆಯುಧಪೂಜೆ ದಿನ ಭಟ್ಟಿ ತೊಳೆದು, ಕುಂಕುಮ ಇಟ್ಟು, ಬೂದುಗುಂಬಳ ಒಡೀತಾರೆ. ನಮ್ಮ ಭಟ್ಟಿ ವರ್ಷದಲ್ಲಿ ತಣ್ಣಗಿರ್ತಿದ್ದ ದಿನ ಅದೊಂದೇ. ಇಟ್ಟಿಗೆ ಭಟ್ಟಿ ಒಮ್ಮೆ ತಣಿದರೆ ಮತ್ತೆ ಕಾವಿಗೆ ಬರೋಕೆ ಗಂಟೆಗಟ್ಟಲೆ ಬೇಕು, ಅಷ್ಟು ಹೊತ್ತೂ ಸೌದೆ ಹಾಕ್ತಾ ಯಾರಾದ್ರೂ ಇಬ್ಬರು ಎಚ್ಚರ ಇರಬೇಕು. ಆ ಇಬ್ಬರು ಯಾರು ಅಂತ ನಾನು ಹೇಳಬೇಕಾ? ಬೆಳಗಾದ್ರೆ ವಿಜಯದಶಮಿ. ಬ್ಯಾರಿಕೇಡ್ ಬಿದ್ದಿದೆ, ಅರಮನೆಯಿಂದ ಬನ್ನಿಮಂಟಪದ ತನಕ ರಸ್ತೆ ಬಂದ್, ನಡುರಾತ್ರಿಯಿಂದ ಬೇಯಿಸಿದ ಬನ್ನೆಲ್ಲ ಈಚೆ, ಆರ್ಡರ್ ಕೊಟ್ಟವರು ಆಚೆ. ಹುಡುಗ ತಲೆ ಮೇಲೆ ಟ್ರೇ ಹೊತ್ತು ಆಚೆ ದಾಟಿಬಿಟ್ಟ, ವಾಪಸ್ ಬರೋಷ್ಟರಲ್ಲಿ ಅಂಬಾರಿ ಬಂತು. ಈಗ 750 ಕೆ.ಜಿ.ಯ ಚಿನ್ನದ ಅಂಬಾರಿ ಹೊತ್ತ ಆನೆ ನಡುವೆ, ಅವಳು ಈ ಬದಿ, ಅವನು ಆ ಬದಿ. ಖಳನಾಯಕ ಬೇಕಾ? ಲಾಠಿ ಹಿಡಿದ ಪೇದೆ ಸಾಕು, ಅವನೂ ಪಾಪ, ಬೆಳಗ್ಗಿಂದ ಏನೂ ತಿಂದಿಲ್ಲ.

ಬರೆಯೋರು ಇದ್ರೆ ಬರೀರಿ, ಐಡಿಯಾ ಪುಕ್ಕಟೆ. ಹಿಟ್ಟು ಎಷ್ಟು ಹೊತ್ತಿಗೆ ಉಬ್ಬುತ್ತೆ ಅಂತ ಅನುಮಾನ ಬಂದ್ರೆ ಮನೆಗೆ ಬನ್ನಿ, ಅಪ್ಪ ಸಂಜೆ ನಾಲ್ಕರ ಮೇಲೆ ಎದ್ದಿರ್ತಾರೆ. ಗೋಡಂಬಿ ವಿಷಯ ಮಾತ್ರ ಎತ್ತಬೇಡಿ. ಅವರು ಇವತ್ತಿಗೂ ಅದು ಮಾಸ್ಟರ್ ತಪ್ಪು ಅಂದುಕೊಂಡಿದ್ದಾರೆ. ಅವರು ಫೇಸ್‌ಬುಕ್ಕಲ್ಲಿ ಇಲ್ಲ, ಅದಕ್ಕೇ ಧೈರ್ಯವಾಗಿ ಬರೆದೆ.

ಅಣ್ಣ ಇದಾನೆ. ಅಣ್ಣಾ, ಓದಿದ್ರೆ ಸುಮ್ಮನೆ ಲೈಕ್ ಒತ್ತಿ ಹೋಗು.