ಅಲ್ಲಿ ಶೇಕಡಾ, ಇಲ್ಲಿ ಮೀಟರ್

ಇಂಗ್ಲೆಂಡಿಗೆ ಬಂದು 18 ವರ್ಷ ಆಯಿತು. ನಾಲ್ಕು ವರ್ಷದಿಂದ ಕಾಲಿನ ಶಕ್ತಿ ಕುಗ್ಗುತ್ತಿದೆ. ಮೊದಲು ಕೋಲು ಹಿಡಿದೆ, ಈಗ ಮನೆಯೊಳಗೂ ವಾಕರ್ ಬೇಕು.

ಇಲ್ಲಿ ಅಂಗವಿಕಲರಿಗೆ 2013ರಿಂದ ಪಿಐಪಿ ಅನ್ನೋ ಭತ್ಯೆ ಇದೆ. ನನ್ನಂಥ ಕಾಲಿನ ತೊಂದರೆಯವರಿಗೆ ಓಡಾಟದ ಹೆಚ್ಚಿನ ದರ ಸಿಗಬೇಕಾದರೆ 20 ಮೀಟರ್‌ಗಿಂತ ಜಾಸ್ತಿ ನಡೆಯಲು ಆಗಬಾರದು. ಹಿಂದಿನ ಭತ್ಯೆಯಲ್ಲಿ ಈ ಅಳತೆ ಸುಮಾರು 50 ಮೀಟರ್ ಇತ್ತು. ಈ ಭತ್ಯೆಗಾಗಿ ನನ್ನನ್ನು ಪರೀಕ್ಷಿಸಿದ ದಿನ ಗೋಡೆ ಹಿಡಿದುಕೊಂಡು ಒಳಗಿನ ಕೋಣೆಗೆ ಹೋದೆ. ದಾರಿಯಲ್ಲಿ ಎರಡು ಸಲ ನಿಂತೆ. ವರದಿಯಲ್ಲಿ ನಾನು ನಡೆದದ್ದು ಬಂತು, ನಿಂತದ್ದು ಬರಲಿಲ್ಲ. ಒಂದು ಸಲ ನಡೆದರೆ ಸಾಲದು, ಅಪಾಯವಿಲ್ಲದೆ ಮತ್ತೆ ಮತ್ತೆ ನಡೆಯಲು ಆಗಬೇಕು ಅಂತ ನಿಯಮವೇ ಹೇಳುತ್ತದೆ. ಅದನ್ನೇ ಹಿಡಿದು ಮೇಲ್ಮನವಿ ಹಾಕಿದ್ದೇನೆ.

ನಮ್ಮ ಕಡೆ, ಭಾರತದಲ್ಲಿ, ಅಂಗವೈಕಲ್ಯ ಎಷ್ಟು ಅಂತ ಡಾಕ್ಟರು ಶೇಕಡಾ ಲೆಕ್ಕ ಬರೆದುಕೊಡುತ್ತಾರೆ. ಅಂಗವಿಕಲರ ಹಕ್ಕುಗಳ 2016ರ ಕಾಯ್ದೆ 21 ಬಗೆಯ ಅಂಗವೈಕಲ್ಯಗಳನ್ನು ಒಪ್ಪಿಕೊಂಡಿತು. ಅದು ದೊಡ್ಡ ಕೆಲಸವೇ. ಆದರೆ ಮೀಸಲಾತಿಯಂಥ ಸೌಲಭ್ಯಕ್ಕೆ ಕನಿಷ್ಠ ಶೇ 40 ಇರಬೇಕು. ಕೇಂದ್ರದ ಪಿಂಚಣಿಗೆ ಬಡತನದ ಜೊತೆಗೆ ಶೇ 80 ಬೇಕು. ಅದರಲ್ಲಿ ಕೇಂದ್ರದ ಪಾಲು ತಿಂಗಳಿಗೆ 300 ರೂಪಾಯಿ. ಔಷಧಿಗಾದರೂ ಸಾಕಾಗುತ್ತಾ?

ಊರಲ್ಲಿ ದೊಡ್ಡಮ್ಮನ ಮಂಡಿ ಪೂರ್ತಿ ಸವೆದಿದೆ. ಆಸ್ಪತ್ರೆಗೆ ಹೊರಟರೆ ಪಕ್ಕದ ಮನೆ ಹುಡುಗ ಓಡಿಬಂದು ಎತ್ತಿ ಆಟೋದಲ್ಲಿ ಕೂರಿಸುತ್ತಾನೆ. ಆ ಅಕ್ಕರೆ ನನಗೆ ಇಲ್ಲಿ ಸಿಗುವುದಿಲ್ಲ, ನಿಜ. ಆದರೆ ಅವರು ತಾವಾಗೇ ಗೇಟು ದಾಟಿ ಮೂರು ವರ್ಷವಾಯಿತು. ನಾನು ಬಸ್ ಸ್ಟಾಪಿನಲ್ಲಿ ನಿಂತರೆ ಬಸ್ಸು ಒಂದು ಕಡೆಗೆ ಬಾಗಿ ತಗ್ಗುತ್ತದೆ. ಗಾಲಿಕುರ್ಚಿಯವರಿಗೆ ಹಲಗೆ ಇಳಿಯುತ್ತದೆ. ಯಾರ ಬಿಡುವನ್ನೂ ಕಾಯದೆ ಲೈಬ್ರರಿಗೆ ಹೋಗಿ ಬರುತ್ತೇನೆ. "ಒಬ್ಬಳೇ ದೇವಸ್ಥಾನಕ್ಕೆ ಹೋಗಿ ಸುಮ್ನೆ ಕೂತು ಬರಬೇಕು ಕಣೋ" ಅಂತ ದೊಡ್ಡಮ್ಮ ಫೋನಿನಲ್ಲಿ ಅಂದಾಗ ಹೊಟ್ಟೆಯಲ್ಲಿ ಸಂಕಟವಾಯಿತು.

ನನಗೆ ಎರಡೂ ಕಡೆ ಸಿಟ್ಟು ಬರುವುದು ಒಂದೇ ವಿಷಯಕ್ಕೆ. ಕಾಲು ಪೂರ್ತಿ ಸೋಲುವವರೆಗೆ ಇಬ್ಬರೂ ಕಾಯುತ್ತಾರೆ. ದಿನಾ ಒಂದಿಷ್ಟು ಸೋಲುತ್ತಿರುವವರು ಯಾವ ಲೆಕ್ಕಕ್ಕೂ ಸಿಗುವುದಿಲ್ಲ. ನೆರವು ಜಾಸ್ತಿ ಬೇಕಾಗಿರುವುದು ಆಗಲೇ ಅಲ್ವಾ? ನನ್ನ ಬಚ್ಚಲಿನ ಗೋಡೆಗೆ ಹಿಡಿಕೆ ಬಂದದ್ದು ನಾನು ಬಿದ್ದು ಮಣಿಕಟ್ಟು ಮುರಿದ ಮೇಲೆ.

ದೊಡ್ಡಮ್ಮನ ಮನೆ ಮೆಟ್ಟಿಲಿಗೆ ಕಂಬಿ ಹಾಕಿಸು ಅಂತ ಮೊನ್ನೆ ತಮ್ಮನಿಗೆ ಹೇಳಿದೆ. "ಇನ್ನೂ ಓಡಾಡ್ತಾರಲ್ಲ, ಈಗಲೇ ಯಾಕೆ?" ಅಂದ. ಓಡಾಡುತ್ತಾರೆ, ಅದಕ್ಕೇ ಈಗಲೇ ಬೇಕು ಅಂದೆ. ದುಡ್ಡು ಕಳಿಸಿದ್ದೇನೆ.